ಅಟ್ಟ ಬಿಡದ ಡ್ರೈವರು

ಕಂಪ್ಯೂಟರಿನ ಹಳೇ ಆಡಿಯೋ ಡ್ರೈವರು ಎಂದರೆ, ಬೀಗದ ಕೈ ವಾಪಸ್ ಕೊಟ್ಟು ಅಟ್ಟದ ಮೇಲೆ ಮಲಗಿಬಿಡುವ ಬಾಡಿಗೆದಾರ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅನ್‌ಇನ್‌ಸ್ಟಾಲ್ ಒತ್ತುತ್ತೀರಿ, ಹೆಸರು ಮಾಯ. ಪೀಡೆ ತೊಲಗಿತು ಎಂದು ರೀಸ್ಟಾರ್ಟ್ ಮಾಡಿದರೆ ಸ್ಪೀಕರಿನಲ್ಲಿ ಮತ್ತೆ ಅದೇ ಗೊರಗೊರ!

ಕಾರಣ ಇಷ್ಟೇ. ವಿಂಡೋಸ್ ಬಲು ಮುಂಜಾಗ್ರತೆಯ ಗಿರಾಕಿ. ಹಾಕಿದ ಪ್ರತಿ ಡ್ರೈವರಿನ ಒಂದೊಂದು ನಕಲನ್ನು ಡ್ರೈವರ್‌ಸ್ಟೋರ್ ಎಂಬ ಫೋಲ್ಡರಿನಲ್ಲಿ ಬಚ್ಚಿಟ್ಟಿರುತ್ತದೆ. ಸೌಂಡ್ ಕಾರ್ಡ್ ಕಂಡೊಡನೆ ಅಲ್ಲಿಂದಲೇ ತೆಗೆದು ಪುನಃ ಪ್ರತಿಷ್ಠಾಪನೆ.

ಆ ಬಾಡಿಗೆದಾರನನ್ನು ಅಟ್ಟದಿಂದ ಇಳಿಸಲು ಡಿವೈಸ್ ಮ್ಯಾನೇಜರಿಗೆ ಹೋಗಿ, ವ್ಯೂ ಮೆನುವಿನಲ್ಲಿ ಶೋ ಹಿಡನ್ ಡಿವೈಸಸ್ ಒತ್ತಿ. ಎಂದೋ ಎಸೆದ ಹೆಡ್‌ಸೆಟ್ಟು, ಯಾರಿಗೋ ಕೊಟ್ಟ ಬ್ಲೂಟೂತ್ ಸ್ಪೀಕರು ಎಲ್ಲ ಮಸುಕು ಮಸುಕಾಗಿ ಎದ್ದು ಕೂರುತ್ತವೆ. ಬೇಡದ್ದಕ್ಕೆ ಅನ್‌ಇನ್‌ಸ್ಟಾಲ್ ಕೊಡುವಾಗ, ಡ್ರೈವರ್ ಸಾಫ್ಟ್‌ವೇರನ್ನೂ ಅಳಿಸಲೇ ಎಂದು ಕೇಳುವ ಪುಟ್ಟ ಚೌಕಕ್ಕೆ ಟಿಕ್ ಹಾಕಿ. ಜನ ಮರೆಯುವುದು ಇದನ್ನೇ. ಅದಕ್ಕೂ ಜಗ್ಗದ ಭಂಡನಿಗೆ ವಿಂಡೋಸಿನದೇ ಪಿಎನ್‌ಪಿಯುಟಿಲ್ ಎಂಬ ಕಮಾಂಡಿನಿಂದ ಉಚ್ಚಾಟನೆ.

ಒಂದು ಮಾತು: ಮೊದಲು ರೀಸ್ಟೋರ್ ಪಾಯಿಂಟ್ ಮಾಡಿಟ್ಟು, ಹೊಸ ಡ್ರೈವರನ್ನು ಇಳಿಸಿಕೊಂಡಿರಿ. ಆಮೇಲೆ ಇಂಟರ್‌ನೆಟ್ ತಪ್ಪಿಸಿ ಕೆಲಸ ಶುರುಮಾಡಿ. ಇಲ್ಲದಿದ್ದರೆ ನೀವು ಹಿಂಬಾಗಿಲು ಹಾಕುವಷ್ಟರಲ್ಲಿ ವಿಂಡೋಸ್ ಅಪ್‌ಡೇಟ್ ಮುಂಬಾಗಿಲಿನಿಂದ ಹಳಬನನ್ನೇ ಕರೆತಂದೀತು!