ಲೇಟಾಯ್ತು ಅಜ್ಜಿ!

ನಮ್ಮನೆ ಗೋಡೆ ಗಡಿಯಾರ ಹತ್ತು ನಿಮಿಷ ಮುಂದಿದೆ. ಬೇಕೆಂದೇ ಹಾಗಿಟ್ಟವನು ನಾನು. ಆದರೂ ದಿನಾ ಬೆಳಿಗ್ಗೆ ಅದನ್ನು ನೋಡಿ ಗಾಬರಿಬೀಳುವವನೂ ನಾನೇ.

ಮೊನ್ನೆ ಆ ಗಾಬರಿಯಲ್ಲೇ ಬಸ್ ಸ್ಟಾಪಿಗೆ ಓಡಿದೆ. ಅವರೆಕಾಯಿ ಚೀಲ ಹಿಡಿದ ಅಜ್ಜಿಯೊಬ್ಬರು, "ಈ ಬಸ್ಸು ಮಾರ್ಕೆಟ್ಟಿಗೆ ಹೋಗತ್ತಾ ನೋಡಪ್ಪ" ಅಂದರು. "ಅರ್ಜೆಂಟಲ್ಲಿದೀನಿ ಅಜ್ಜಿ" ಎಂದು ಹತ್ತಿಬಿಟ್ಟೆ. 'ಹೌದು' ಅನ್ನಲು ಎರಡಕ್ಷರ ಸಾಕಿತ್ತು. ಟೈಮಿಲ್ಲದ ನಾನು ಖರ್ಚು ಮಾಡಿದ್ದು ಎಂಟು.

ಅವಸರದಲ್ಲಿರುವವರು ಇನ್ನೊಬ್ಬರಿಗೆ ನೆರವಾಗುತ್ತಾರಾ ಎಂದು ಪರೀಕ್ಷೆ ಮಾಡಿಯೇ ನೋಡಿದ ಪುಣ್ಯಾತ್ಮರಿದ್ದಾರೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ, ಬ್ಯಾಟ್ಸನ್ ಎಂಬಿಬ್ಬರು ಪಾದ್ರಿ ವಿದ್ಯೆ ಓದುತ್ತಿದ್ದ 40 ಮಂದಿಯನ್ನು ಪಕ್ಕದ ಕಟ್ಟಡಕ್ಕೆ ಭಾಷಣಕ್ಕೆಂದು ಕಳಿಸಿದರು. ದಾರಿಯಲ್ಲೊಬ್ಬ ಕುಸಿದು ಕೂತು ಕೆಮ್ಮುತ್ತ ನರಳುತ್ತಿದ್ದ. ಬರೀ ನಾಟಕ, ಆದರೆ ಹೋಗುವವರಿಗೆ ಗೊತ್ತಿಲ್ಲ. ಪುರುಸೊತ್ತಿದ್ದವರಲ್ಲಿ ಶೇ. 63 ಮಂದಿ ನೆರವಾದರು; 'ಆಗಲೇ ತಡವಾಯ್ತು' ಎನ್ನಿಸಿಕೊಂಡು ಹೊರಟವರಲ್ಲಿ ಶೇ. 10. ಅರ್ಧ ಜನರ ಭಾಷಣದ ವಿಷಯವೋ, ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ಬೈಬಲಿನ ಸಮಾರ್ಯದವನ ಕಥೆ! ಅದನ್ನೇ ಬಾಯಿಪಾಠ ಮಾಡುತ್ತ ಆ ನರಳುವವನನ್ನು ದಾಟಿಕೊಂಡೇ ಹೋದ ಶೂರರೂ ಇದ್ದರು. 1973ರಲ್ಲಿ ಈ ವರದಿ ಅಚ್ಚಾಯಿತು. ಓದಿ ಎಷ್ಟು ನಕ್ಕಿದ್ದೆ ನಾನು!

ಅತ್ತ ನನ್ನ ಬಸ್ಸು ಅಲ್ಲಾಡಲೇ ಇಲ್ಲ. ಡ್ರೈವರು ಚಹಾಕ್ಕೆ ಇಳಿದಿದ್ದರು. ಕಂಡಕ್ಟರನ್ನು ಕೇಳಿಕೊಂಡು ನಿಧಾನಕ್ಕೆ ಹತ್ತಿದ ಅಜ್ಜಿ ನನ್ನ ಪಕ್ಕದಲ್ಲೇ ಕೂತು, ಚೀಲ ನನ್ನ ಕಾಲಮೇಲಿಟ್ಟು, ಕಿಟಕಿಯಾಚೆ ಕೂಗಿದರು:

"ಏ ಡ್ರೈವರಪ್ಪಾ, ಬೇಗ ಬಾರೋ! ಪಾಪ, ಈ ಮಗೀಗೆ ಏನೋ ಅರ್ಜೆಂಟಂತೆ!"