ಟಕ್ ಟಕ್ ಪುರಾಣ

"ಪಟ್ಟಿಯಲ್ಲಿ ಯಾವ ಸಾಲಿನ ಮೇಲೆ ಡಬಲ್ ಕ್ಲಿಕ್ ಮಾಡ್ತೀವೋ ಆ ಬಿಲ್ಲು ತೆರೆದುಕೋಬೇಕು. ಐದು ನಿಮಿಷದ ಕೆಲಸ, ಅಲ್ವಾ ಸಾರ್?" ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಸುವ ಅಂಗಡಿ ಯಜಮಾನರು ಹೀಗಂದು ಕಾಫಿ ತರಿಸುತ್ತಾರೆ. ಕಾಫಿ ಕುಡಿದ ಮೇಲೆ ಇಲ್ಲ ಅನ್ನುವುದು ಹೇಗೆ?

ಅಸಲಿಗೆ, ಎಷ್ಟು ಬೇಗ ಒತ್ತಿದರೆ ಡಬಲ್? ವಿಂಡೋಸ್ ತಾನಾಗಿ ಕೊಡುವ ಗಡುವು 500 ಮಿಲಿಸೆಕೆಂಡ್, ಅರ್ಧ ಸೆಕೆಂಡು. ಟಕ್ ಅನ್ನಿಸಿ, ಕನ್ನಡಕ ಸರಿಮಾಡಿಕೊಂಡು, ಮತ್ತೆ ಟಕ್ ಅನ್ನಿಸುವ ನಿಧಾನಸ್ಥರದು ಎರಡು ಬಿಡಿ ಕ್ಲಿಕ್ಕು. ಎರಡನೆಯದು ಬಂದೀತೇ ಎಂದು ಕಂಪ್ಯೂಟರ್ ಕಾಯುವುದೂ ಇಲ್ಲ. ಮೊದಲ ಟಕ್ಕಿಗೇ ಪ್ರೋಗ್ರಾಮಿನ ಕಿವಿಯೂದುತ್ತದೆ. ಒಂದು ಕ್ಲಿಕ್ಕಿಗೆ ಅಳಿಸು, ಎರಡಕ್ಕೆ ತೆರೆ ಎಂದು ಬರೆದ ಪುಣ್ಯಾತ್ಮನಿದ್ದರೆ, ತೆರೆಯುವ ಹೊತ್ತಿಗೆ ಬಿಲ್ಲೇ ಇರುವುದಿಲ್ಲ.

ಪಟ್ಟಿ ತೋರಿಸುವ ಜಾವಾದ ಜೆಟೇಬಲ್ ನೋಡಿ. ಕ್ಲಿಕ್ಕಿನ ಎಣಿಕೆ ಎರಡಾದರೆ ತೆರೆ ಎಂದು ಬರೆಯಬೇಕು. ಎರಡು ಅಥವಾ ಹೆಚ್ಚು ಎಂದು ಧಾರಾಳವಾಗಿ ಬರೆದಿರೋ, ಉತ್ಸಾಹದಲ್ಲಿ ಮೂರು ಸಲ ಒತ್ತುವವರಿಗೆ ಎರಡೆರಡು ಕಿಟಕಿ. ಸಾಲುಗಳು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಒತ್ತಿದರೆ ಸಾಲಿನ ಸಂಖ್ಯೆ -1 ಎಂದು ಬರುತ್ತದೆ. ಅದನ್ನು ತಡೆಯದಿದ್ದರೆ ಪರದೆ ತುಂಬ ಕೆಂಪು ಅಕ್ಷರ. ಖಾನೆಗಳನ್ನು ತಿದ್ದಲು ಬಿಟ್ಟಿದ್ದರಂತೂ ಬಿಲ್ಲು ತೆರೆಯುವ ಬದಲು ಕರ್ಸರ್ ಖಾನೆಯೊಳಗೆ ಹೊಕ್ಕು ಮಿಣಮಿಣ ಎನ್ನುತ್ತದೆ. ಮೌಸಿನ ಸಹವಾಸವೇ ಬೇಡಪ್ಪ ಎಂದು ಎಂಟರ್ ಒತ್ತಿದರೆ? ಮುಂದಿನ ಸಾಲಿಗೆ ಇಳಿದುಬಿಡುತ್ತದೆ.

ಇದೆಲ್ಲ ಸಣ್ಣಪುಟ್ಟದ್ದು. ನಿಜವಾದ ತಮಾಷೆ ಸಾರ್ಟಿಂಗಿನದು. ಗುಮಾಸ್ತರು ತಲೆಬರಹ ಒತ್ತಿ ಹೆಸರಿನ ಪ್ರಕಾರ ಜೋಡಿಸಿ, ಮೇಲೆ ಕಂಡ ಅನಂತಯ್ಯನವರ ಮೇಲೆ ಟಕ್ ಟಕ್ ಅನ್ನಿಸುತ್ತಾರೆ. ತೆರೆದುಕೊಳ್ಳುವುದು ಶಿವಣ್ಣನವರ ಬಾಕಿ! ಪಂಕ್ತಿಯಲ್ಲಿ ಜನ ಜಾಗ ಬದಲಿಸಿ ಕೂತರೂ ಬಡಿಸುವವನು ಹಳೆಯ ಲೆಕ್ಕದಲ್ಲೇ ಬಡಿಸುತ್ತ ಹೋದಂತೆ. ಪರದೆಯ ಮೇಲೆ ಮಾತ್ರ ಸಾಲುಗಳು ಸ್ಥಳ ಬದಲಿಸಿವೆ, ಹಿಂದೆ ಮಾಹಿತಿ ಹಿಡಿದಿಟ್ಟಿರುವ ಮಾಡೆಲ್ ಇದ್ದಲ್ಲೇ ಇದೆ. ಅದಕ್ಕೆಂದೇ ಒಂದು ಮೆಥಡ್ ಇದೆ: ಕನ್ವರ್ಟ್‌ರೋಇಂಡೆಕ್ಸ್‌ಟುಮಾಡೆಲ್. ಹೆಸರು ಹೇಳುವಷ್ಟರಲ್ಲಿ ಉಸಿರು ಹೋಗುತ್ತದೆ, ಆದರೆ ಶಿವಣ್ಣನವರ ಮಾನ ಕಾಯುವುದು ಅದೊಂದೇ.

ಇಷ್ಟೆಲ್ಲ ಸರಿಮಾಡಿ ಕೊಟ್ಟ ಮೇಲೆ ಯಜಮಾನರ ಫೋನು: "ಒಂದೇ ಬಿಲ್ಲು ಎರಡೆರಡು ಸಲ ಸೇವ್ ಆಗ್ತಿದೆ ಸಾರ್!" ಗುಮಾಸ್ತರಿಗೆ ರುಚಿ ಹತ್ತಿದೆ; ಸೇವ್ ಬಟನ್ನಿಗೂ ಈಗ ಟಕ್ ಟಕ್ಕೇ. ಮೊದಲ ಟಕ್ಕಿಗೇ ಬಟನ್ನಿನ ಬಾಯಿ ಮುಚ್ಚಿಸಬೇಕು. ಐದು ನಿಮಿಷದ ಕೆಲಸವಂತೆ.