ಸೌಟಿಗೂ ಒಂದು ಆಪರೇಷನ್ ಬೇಕು

ಅರಸೀಕೆರೆ ಸೀಮೆಯಲ್ಲಿ ದಪ್ಪಗಾಗುವುದು ಕಾಯಿಲೆಯಲ್ಲ, ಏಳಿಗೆ. ಮೈಕೈ ತುಂಬಿಕೊಂಡವನಿಗೆ ಸಾಲ ಕೊಡುವವರೂ ಹೆದರುವುದಿಲ್ಲ, ಹೆಣ್ಣು ಕೊಡುವವರೂ ಹಿಂದೆಮುಂದೆ ನೋಡುವುದಿಲ್ಲ. ಮೂರು ಮುದ್ದೆ ಮುರಿದು ನಾಲ್ಕನೆಯದಕ್ಕೆ ಕೈ ಚಾಚಿದವನು ‘ಗಟ್ಟಿ ಆಳು’. ಅದೇ ಮನುಷ್ಯ ಅರ್ಧ ಮುದ್ದೆಗೇ ಕೈ ತೊಳೆದರೆ ಮಾತ್ರ ಊರಿಗೆ ಗಾಬರಿ. ತಿನ್ನುವವನನ್ನು ಯಾರೂ ವಿಚಾರಿಸುವುದಿಲ್ಲ. ‘ಸಾಕು’ ಅಂದವನ ಮೇಲೆ ಪಂಚಾಯ್ತಿ ಕೂರುತ್ತದೆ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದ 15ರಿಂದ 49 ವರ್ಷದವರಲ್ಲಿ, ಗಂಡಸರಾಗಲಿ ಹೆಂಗಸರಾಗಲಿ, ಹತ್ತಕ್ಕೆ ಸುಮಾರು ಮೂವರ ತೂಕ ಮಿತಿ ಮೀರಿದೆ. ಆ ಮೂವರಲ್ಲಿ ಒಬ್ಬರು ನಮ್ಮ ಭಾವನವರು. ಕೊಬ್ಬರಿ ವ್ಯಾಪಾರಿ. ಮಂಡಿಯಲ್ಲಿ ಕೂತು ಕೂತು ಮಂಡಿ ಸವೆದಿತ್ತು, ಶುಗರ್ ಮಾತ್ರೆಗೆ ಬಗ್ಗುತ್ತಿರಲಿಲ್ಲ, ರಾತ್ರಿ ಗೊರಕೆಯ ಮಧ್ಯೆ ಉಸಿರು ನಿಂತು ಅಕ್ಕ ಎದ್ದು ಕೂತು ಅವರನ್ನು ಅಲುಗಾಡಿಸಬೇಕಾಗಿತ್ತು. ವಾಕಿಂಗೂ ಆಯಿತು, ಜೀರಿಗೆ ನೀರೂ ಆಯಿತು, ಟೀವಿ ಜ್ಯೋತಿಷಿ ಹೇಳಿದ ಕಷಾಯವೂ ಆಯಿತು. ಕೊನೆಗೆ ಜಂಕ್ಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ‘ಸ್ಲೀವ್’ ಮಾಡಿಸಿಕೊಂಡು ಬಂದರು.

ಈ ಆಪರೇಷನ್ನಿನಲ್ಲಿ ಜಠರಕ್ಕೆ ಉದ್ದಕ್ಕೂ ಸ್ಟೇಪಲ್ ಹೊಡೆದು, ಐದರಲ್ಲಿ ನಾಲ್ಕು ಪಾಲು ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಉಳಿಯುವ ಕೊಳವೆಯಲ್ಲಿ ಹಿಡಿಯುವುದು ಸುಮಾರು 100ರಿಂದ 150 ಮಿ.ಲೀ. ಅರಸೀಕೆರೆಯ ಒಂದು ಎಳನೀರನ್ನು ಮೂರು ಕಂತಿನಲ್ಲಿ ಕುಡಿಯಬೇಕು ಅನ್ನಿ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವ ಭಾಗವೂ ಕತ್ತರಿಸಿದ ಪಾಲಿನಲ್ಲೇ ಹೋಗುವುದರಿಂದ, ಮೊದಲ ಕೆಲವು ತಿಂಗಳು ಹಸಿವೇ ಸರಿಯಾಗಿ ಆಗುವುದಿಲ್ಲ. ವೈದ್ಯಶಾಸ್ತ್ರ ತನ್ನ ಪಾಲಿನ ಕೆಲಸ ಮುಗಿಸಿತು. ಆದರೆ ನಮ್ಮ ಕಡೆ ಊಟಕ್ಕೂ ಹಸಿವಿಗೂ ಯಾವತ್ತು ಸಂಬಂಧವಿತ್ತು?

ಡಿಸ್ಚಾರ್ಜ್ ದಿನ ಕೈಗೆ ಕೊಟ್ಟ ಡಯಟ್ ಚಾರ್ಟು ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಬ್ರಾತ್ ಇತ್ತು, ಗ್ರೀಕ್ ಯೋಗರ್ಟ್ ಇತ್ತು, ಕೀನ್ವಾ ಇತ್ತು. ಅರಸೀಕೆರೆ ಸಂತೆಯಲ್ಲಿ ಕೀನ್ವಾ ಕೇಳಿದರೆ ಕ್ರಿಮಿನಾಶಕದ ಅಂಗಡಿ ತೋರಿಸುತ್ತಾರೆ. ಅಕ್ಕ ಅದನ್ನು ತನ್ನದೇ ರೀತಿಯಲ್ಲಿ ಒಗ್ಗಿಸಿಕೊಂಡಳು. ಮೊದಲ ವಾರಗಳ ನೀರಾಹಾರಕ್ಕೆ ಬೇಳೆಕಟ್ಟು, ತಿಳಿ ಮಜ್ಜಿಗೆ. ಆಮೇಲೆ ರುಬ್ಬಿ ಸೋಸಿದ ಹೆಸರುಬೇಳೆ, ಮೊಟ್ಟೆ. ಆಮೇಲೆ ಕಿವುಚಿದ ಇಡ್ಲಿ. ಗಟ್ಟಿ ಊಟಕ್ಕೆ ಬರುವ ಹೊತ್ತಿಗೆ ಹತ್ತಿರ ಹತ್ತಿರ ಎರಡು ತಿಂಗಳು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು, ಊಟದಲ್ಲಿ ಮೊದಲು ಅದೇ. ಊಟದ ಜೊತೆ ನೀರು ಕುಡಿಯುವಂತಿಲ್ಲ, ಉಂಡು ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ. ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು.

ಇಲ್ಲಿ ಬಂತು ನೋಡಿ ಧರ್ಮಸಂಕಟ. ಮುದ್ದೆಯನ್ನು ಅಗಿಯುವುದುಂಟೆ? ಹಾಸನ ಜಿಲ್ಲೆಯಲ್ಲಿ ಹುಟ್ಟಿದ ಮಗುವಿಗೆ ಮಾತು ಬರುವ ಮುಂಚೆ ಕಲಿಸುವ ಪಾಠ ಅದೊಂದೇ: ಮುರಿ, ಉಂಡೆ ಮಾಡು, ಸಾರಲ್ಲಿ ಅದ್ದು, ನುಂಗು. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಎದುರಿಗೆ ಕೂತವರು ಇವನು ಯಾವ ಊರಿನವನಪ್ಪಾ ಎಂದು ನೋಡುತ್ತಾರೆ. ನುಂಗಿದರೆ ಈ ಹೊಸ ಕೊಳವೆಯ ಬಾಗಿಲಲ್ಲಿ ಕೂತುಬಿಡುತ್ತದೆ. ಎದೆ ಹಿಡಿದಂತಾಗಿ, ಬಾಯಲ್ಲಿ ನೊರೆ ಜೊಲ್ಲು ಬಂದು, ಹೋದ ದಾರಿಯಲ್ಲೇ ವಾಪಸ್ಸು. ಭಾವ ಡಯಟೀಷಿಯನ್ನಿಗೆ ಫೋನು ಮಾಡಿ ಕೇಳಿದರು. ಆ ಕಡೆಯ ಹುಡುಗಿ, “ಸರ್, ಮುದ್ದೆ ಅವಾಯ್ಡ್ ಮಾಡಿ” ಅಂದಳು. ಭಾವ ಫೋನಿಟ್ಟು, “ಜಠರ ತಗದ್ರು, ಸುಮ್ನಿದ್ದೆ. ಈಗ ಜಾತಿನೇ ಕೆಡಿಸ್ತಾವ್ರೆ” ಅಂದರು. ಈಗ ತೆಳ್ಳಗೆ ರಾಗಿ ಅಂಬಲಿ ಮಾಡಿಸಿಕೊಂಡು ಚಮಚದಲ್ಲಿ ಕುಡಿಯುತ್ತಾರೆ, ಬಾಗಿಲು ಹಾಕಿಕೊಂಡು.

ಬಾಗಿಲು ಹಾಕಿಕೊಳ್ಳಲು ಕಾರಣವಿದೆ. ನಮ್ಮಲ್ಲಿ ಹೊಟ್ಟೆ ಅವರವರದು, ಎಲೆ ಮಾತ್ರ ಊರಿನದು. ಅದರಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬ ಲೆಕ್ಕ ನೆರೆಹೊರೆಯ ಕೈಯಲ್ಲಿದೆ. ಮೂರನೇ ತಿಂಗಳಿಗೆ ಭಾವನ ಅಂಗಿ ಜೋತು ಬಿದ್ದಾಗ ನೋಡಲು ಬಂದವರ ಸಾಲೇ ಸಾಲು. ನಮ್ಮಲ್ಲಿ ಒಬ್ಬ ಇಳಿದುಹೋದ ಅಂದರೆ ಮೂರೇ ಕಾರಣ: ಶುಗರ್ರು, ಟೀಬಿ, ಇಲ್ಲಾ ಸಾಲ. ಬಂದವರು ಮೂರನ್ನೂ ಸರದಿಯಲ್ಲಿ ವಿಚಾರಿಸಿ, ಕೊನೆಗೆ ಹಾರ್ಲಿಕ್ಸ್ ಬಾಟಲಿ ಟೇಬಲ್ಲಿನ ಮೇಲಿಟ್ಟು ಹೋಗುತ್ತಿದ್ದರು. ತೋಟದ ಕಾಯಿ ಅಟ್ಟದ ಮೇಲೆ ಹತ್ತು ತಿಂಗಳು ಕೂತು ನೀರು ಬತ್ತಿಸಿಕೊಂಡು ಹಗುರಾದರೆ ಉಂಡೆ ಕೊಬ್ಬರಿ ಎಂದು ರೇಟು ಏರಿಸುವ ಊರು, ಕೊಬ್ಬರಿ ವ್ಯಾಪಾರಿ ಮೂರೇ ತಿಂಗಳಲ್ಲಿ ಹಗುರಾದರೆ ಸಂತಾಪ ಸೂಚಿಸುತ್ತದೆ.

ನಾಲ್ಕನೇ ತಿಂಗಳಿಗೆ ಕೂದಲು ಉದುರತೊಡಗಿತು. ತೂಕ ಬೇಗ ಇಳಿದಾಗ, ಪ್ರೋಟೀನು ಕಬ್ಬಿಣ ಕಮ್ಮಿಯಾದಾಗ ಹಾಗಾಗುತ್ತದೆ, ಸಾಮಾನ್ಯವಾಗಿ ಮತ್ತೆ ಬರುತ್ತದೆ. ಆದರೆ ಕೊಬ್ಬರಿ ಊರಿನಲ್ಲಿ ಕೂದಲು ಉದುರುವುದೆಂದರೆ ಸುಮ್ಮನೆ ಮಾತೇ? ಎಣ್ಣೆ ಹಚ್ಚುವ ವಿಧಾನ ಹೇಳಿಕೊಡಲು ಪೂರ್ತಿ ಬೋಳು ತಲೆಯವರೇ ಮೊದಲು ಬಂದರು.

ಹಳೇಬೀಡಿನಲ್ಲಿ ನೆಂಟರ ಗೃಹಪ್ರವೇಶ. ಭಾವ ಎಲೆಯ ಮುಂದೆ ಕೂತು ಮೊದಲೇ ಕೈ ಅಡ್ಡ ಹಿಡಿದರು. ಬಡಿಸುವವನಿಗೆ ಅಡ್ಡ ಹಿಡಿದ ಕೈ ಎಂದರೆ ಸವಾಲು. “ಅಣ್ಣಾ, ಕೈ ತಗೀರಿ, ಒಂದೇ ಒಂದು.” “ಬೇಡಪ್ಪಾ, ಆಪರೇಸನ್ ಆಗದೆ.” “ಅಯ್ಯೋ ಅದ್ಕೇ ಅಣ್ಣಾ, ಮೈಗೆ ಸಕ್ತಿ ಬೇಕಲ್ವಾ?” ಬೆರಳ ಸಂದಿಯಲ್ಲೇ ಒಬ್ಬಟ್ಟು ಜಾರಿತು, ಅದರ ಮೇಲೆ ತುಪ್ಪ ಸುರಿಯಿತು. ಅಷ್ಟರಲ್ಲಿ ಮನೆಯ ಯಜಮಾನರು ಬಂದು, “ನಮ್ಮನೆ ಒಬ್ಬಟ್ಟು ಬಿಟ್ಟೆದ್ರೆ ನಮ್ಗೆ ಒಳ್ಳೇದಾಗಲ್ಲ ಭಾವ” ಎಂದು ಹೊಸ ಮನೆಯ ಭವಿಷ್ಯವನ್ನೆಲ್ಲ ಆ 150 ಮಿ.ಲೀ. ಕೊಳವೆಯ ಮೇಲೆ ಹೊರಿಸಿದರು. ಭಾವ ಮುಕ್ಕಾಲು ಒಬ್ಬಟ್ಟು ತಿಂದರು.

ಸಕ್ಕರೆ ಬೆಲ್ಲ ಇಂಥ ಹೊಟ್ಟೆಯಲ್ಲಿ ನಿಲ್ಲದೆ ಸರ್ರನೆ ಸಣ್ಣ ಕರುಳಿಗೆ ಇಳಿದರೆ ಮೈ ಬೆವರುತ್ತದೆ, ಎದೆ ಡವಗುಟ್ಟುತ್ತದೆ, ತಲೆ ಸುತ್ತುತ್ತದೆ, ಹೊಟ್ಟೆ ಹಿಂಡುತ್ತದೆ. ಡಂಪಿಂಗ್ ಅನ್ನುತ್ತಾರೆ. ಹೊಟ್ಟೆಯ ಬೈಪಾಸ್ ಆಪರೇಷನ್ ಮಾಡಿಸಿಕೊಂಡವರಲ್ಲಿ ಹೆಚ್ಚು, ಸ್ಲೀವ್ ಆದವರಿಗೂ ತಪ್ಪಿದ್ದಲ್ಲ. ಭಾವ ಬೆವರಿ ಗೋಡೆಗೆ ಒರಗಿದರು. ಪಂಕ್ತಿ ಒಮ್ಮತದಿಂದ ತೀರ್ಪು ಕೊಟ್ಟಿತು: ದೃಷ್ಟಿ! ಹೊಸದಾಗಿ ತೆಳ್ಳಗಾಗಿದ್ದಾರಲ್ಲ, ಯಾರದೋ ಕಣ್ಣು ಬಿದ್ದಿದೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಚಟಪಟ ಎಂದಿತು. ಒಬ್ಬಟ್ಟಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಮೇಲೊಂದು ಲೋಟ ಪಾನಕ ಕುಡಿಸಿದರು.

ಬೀಗರೂಟದ ದಿನ ಛತ್ರದ ಹಿಂದೆ ಕಾರಿನ ಡಿಕ್ಕಿ ತೆಗೆದು ನಡೆಯುವ ಸಮಾರಾಧನೆಯಲ್ಲೂ ಇದೇ ಕಥೆ. ಈ ಆಪರೇಷನ್ ಆದವರಿಗೆ ಮದ್ಯ ಬೇಗ ರಕ್ತಕ್ಕೆ ಸೇರಿ ಬೇಗ ಏರುತ್ತದೆ ಎಂದು ಹೇಳಿದರೆ, ಗೆಳೆಯರು ಕೇಳಿದ್ದು ಒಂದೇ: “ಹಂಗಾರೆ ಖರ್ಚು ಕಮ್ಮಿ ಅಲ್ವಾ?”

ಹೋಟೆಲಿಗೆ ಹೋದರೆ ಬಚಾವೇ? ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಜೊತೆಗೆ ಆ ದಾರಿಯ ಹೋಟೆಲುಗಳ ಬೋರ್ಡುಗಳೂ ಬೆಳೆದವು: ‘ಅನ್‌ಲಿಮಿಟೆಡ್ ಊಟ. ಒಂದು ಊಟವನ್ನು ಇಬ್ಬರು ಹಂಚಿಕೊಳ್ಳುವಂತಿಲ್ಲ.’ ಭಾವ ಐದು ಚಮಚ ಮೊಸರನ್ನ ತಿಂದು ಅನ್‌ಲಿಮಿಟೆಡ್ ಬಿಲ್ಲು ಕಟ್ಟಿದರು. ಸಪ್ಲೈಯರ್ ಓಡಿ ಬಂದು, “ಯಾಕ್ ಸರ್, ಊಟ ಸರಿಯಿರ್ಲಿಲ್ವಾ?” ಎಂದು ಕಣ್ಣಲ್ಲಿ ನೀರು ಹಾಕುವುದೊಂದು ಬಾಕಿ.

ಇನ್ನೊಬ್ಬ ಉಪಚಾರಿ ಇದ್ದಾನೆ: ವಿಮಾ ಕಂಪನಿ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಈ ಆಪರೇಷನ್ನಿಗೆ ದುಡ್ಡು ಸಿಗಬೇಕಾದರೆ ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 40 ಮುಟ್ಟಿರಬೇಕು. 35 ಆಗಿದ್ದರೆ ಜೊತೆಗೆ ಹೃದ್ರೋಗ, ನಿದ್ದೆಯಲ್ಲಿ ಉಸಿರು ನಿಲ್ಲುವ ತೀವ್ರ ಸ್ಲೀಪ್ ಆಪ್ನಿಯ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥದ್ದೊಂದು ಇರಬೇಕು. ಏಷ್ಯಾದವರಿಗೆ ಕಮ್ಮಿ ತೂಕಕ್ಕೇ ಈ ಕಾಯಿಲೆಗಳು ಅಂಟುತ್ತವೆ, 27.5 ದಾಟಿದರೇ ಆಪರೇಷನ್ ಯೋಚಿಸಬಹುದು ಎಂದು ಈ ಶಸ್ತ್ರಚಿಕಿತ್ಸೆಯ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಸಂಘಗಳು 2022ರಲ್ಲೇ ಹೇಳಿವೆ. ನಮ್ಮ ವಿಮೆಯ ಕಾಗದ ಮಾತ್ರ ಪಂಕ್ತಿಯ ಯಜಮಾನರ ಹಾಗೆಯೇ ನಿಂತಿದೆ. 33ರವನು ಹೋಗಿ ಕೈಮುಗಿದರೆ ಅದು ಹೇಳುವುದರ ಸಾರಾಂಶ ಇಷ್ಟೇ: “ಇನ್ನೊಂದ್ ಚೂರು ಹಾಕಿಸ್ಕೊಂಡು ಬನ್ನಿ.”

ಇಷ್ಟರ ಮೇಲೆ ನೀತಿಬೋಧಕರು. “ದುಡ್ಡಿತ್ತು, ಕೊಯ್ಸ್ಕೊಂಡ. ಬಾಯಿ ಕಟ್ಟಿದ್ರೆ ಆಯ್ತಿತ್ತು” ಎಂದು ಬೋಂಡ ಅಗಿಯುತ್ತಾ ಹೇಳುವವರು. ಅವರ ಪ್ರಕಾರ ಇದು ಅಡ್ಡದಾರಿ. ಈ ಅಡ್ಡದಾರಿಯ ಸುಂಕ ಕೇಳಿ: ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ನು ಜೀವಮಾನವಿಡೀ; ವರ್ಷ ವರ್ಷ ರಕ್ತಪರೀಕ್ಷೆ; ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಭಯ; ಮಂಡಿ ನೋವಿಗೆ ಮೆಡಿಕಲ್ ಶಾಪಿನಲ್ಲಿ ಸಿಕ್ಕಿದ ನೋವಿನ ಮಾತ್ರೆ ನುಂಗಿದರೆ ಹುಣ್ಣಿನ ಅಪಾಯ. ಗಟ್ಟಿ ಊಟಕ್ಕೆ ಬಾಗಿಲು ಕಿರಿದಾದರೂ ಐಸ್‌ಕ್ರೀಮು, ಜ್ಯೂಸು, ಸಕ್ಕರೆ ಕಾಫಿಗೆ ಅಲ್ಲಿ ತಡೆಯಿಲ್ಲ. ಅವನ್ನೇ ನೆಚ್ಚಿಕೊಂಡವರ ತೂಕ ಸದ್ದಿಲ್ಲದೆ ವಾಪಸ್ಸು ಬರುತ್ತದೆ. ‘ಮೊದಲು–ನಂತರ’ ಎಂದು ಎರಡು ಫೋಟೊ ಹಾಕುವ ಹೋರ್ಡಿಂಗಿನಲ್ಲಿ ನಂತರದ ನಂತರಕ್ಕೆ ಜಾಗವೇ ಇಲ್ಲ.

ಬೇಲೂರಿನಲ್ಲಿ ಒಂದು ಐತಿಹ್ಯವಿದೆ. ಜಕಣಾಚಾರಿ ಕಡೆದ ಚೆನ್ನಿಗರಾಯನ ಮೂರ್ತಿಗೆ ಮೈತುಂಬ ಗಂಧ ಬಳಿದರೆ ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲವಂತೆ. ಜಕಣನ ಮಗ ಡಂಕಣ ತೋರಿಸಿದ ಕಡೆ ಉಳಿ ತಾಗಿಸಿದರೆ ಒಳಗಿನಿಂದ ಕಪ್ಪೆ, ನೀರು. ಒಳಗಿದ್ದ ದೋಷ ಕಾಣಲಿಲ್ಲವಲ್ಲ ಎಂದು ಜಕಣಾಚಾರಿ ತನ್ನ ಕೈಯನ್ನೇ ಕತ್ತರಿಸಿಕೊಂಡನಂತೆ. ನಮ್ಮವರಿಗೆ ಹೊಟ್ಟೆ ಕೊಯ್ದ ಮೇಲೂ ಕಪ್ಪೆ ಎಲ್ಲಿದೆಯೆಂದು ಕಾಣುವುದಿಲ್ಲ, ಬಡಿಸುವ ಕೈಗೆ ಒಂದು ಗೀರೂ ಬೀಳುವುದಿಲ್ಲ.

ಆದರೂ ಭಾವ ಪುಣ್ಯವಂತರು, ಗಂಡಸು. ಜಗತ್ತಿನಲ್ಲಿ ಈ ಆಪರೇಷನ್ ಮಾಡಿಸಿಕೊಳ್ಳುವವರಲ್ಲಿ ಹೆಂಗಸರೇ ಹೆಚ್ಚು. ನಮ್ಮ ಕಡೆಯ ಹೆಂಗಸು ಮಾಡಿಸಿಕೊಂಡರೆ ಅವಳಿಗೆ ಬೇಳೆಕಟ್ಟು ಸೋಸಿಕೊಡುವವರು ಯಾರು? ಹೊಲಿಗೆ ಆರುವ ಮುಂಚೆ ಒಲೆ ಮುಂದೆ ನಿಂತು ಮನೆಮಂದಿಗೆಲ್ಲ ಮುದ್ದೆ ತೊಳಸಿ, ಉಪ್ಪು ಖಾರ ಇನ್ನೊಬ್ಬರ ಬಾಯಲ್ಲಿ ನೋಡಿಸಿ, ತನ್ನ ನಾಲ್ಕು ಚಮಚವನ್ನು ಆರಿಸಿಕೊಂಡು ತಿನ್ನಬೇಕು. ಗಂಡಸು ಕರಗಿದರೆ ‘ಪಾಪ’ ಅನ್ನುವ ಬಾಯಿ ಹೆಂಗಸು ಕರಗಿದರೆ ‘ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ?’ ಅನ್ನುತ್ತದೆ. ಬೇಲೂರಿನ ದರ್ಪಣ ಸುಂದರಿಯ ಸೊಂಟವನ್ನು ಕತ್ತೆತ್ತಿ ಹೊಗಳಿ ಬಂದ ಬಾಯಿಯೇ ಅದು. ಆ ಸುಂದರಿಯ ನಸೀಬು ಚೆನ್ನಾಗಿತ್ತು. ಒಂಬೈನೂರು ವರ್ಷ ಕನ್ನಡಿ ಹಿಡಿದು ನಿಂತರೂ ಅವಳಿಗೆ ಯಾರೂ ಎರಡನೇ ಒಬ್ಬಟ್ಟು ಬಡಿಸಲಿಲ್ಲ, ‘ಥೈರಾಯಿಡ್ ಚೆಕ್ ಮಾಡ್ಸಿದ್ಯೇನಮ್ಮಾ’ ಎಂದೂ ಕೇಳಲಿಲ್ಲ.

ಆದ್ದರಿಂದ ಸರ್ಜನ್ನರಲ್ಲಿ ಒಂದು ಅರಿಕೆ. ಆಪರೇಷನ್ನಿಗೆ ಮುಂಚೆ ರೋಗಿಯನ್ನು ಕೂರಿಸಿ ಗಂಟೆಗಟ್ಟಲೆ ಕೌನ್ಸೆಲಿಂಗ್ ಮಾಡುತ್ತೀರಿ. ಅವನು ಬುದ್ಧಿವಂತ, ದುಡ್ಡು ಕಟ್ಟಿದ್ದಾನೆ, ಕೇಳುತ್ತಾನೆ. ಒಂದು ಬಸ್ಸು ಮಾಡಿ ಅವನ ನೆಂಟರನ್ನು ಕರೆಸಿ. ಸೋದರತ್ತೆ, ಷಡ್ಡಕ, ಅಡಿಗೆ ಭಟ್ಟ, ಪಂಕ್ತಿಯ ಯಜಮಾನ, ಎಲ್ಲರಿಗೂ ಒಂದು ಸಹಿ ಹಾಕುವ ಫಾರಂ ಕೊಡಿ. ಕಲಿಯದಿದ್ದರೆ ಅರಿವಳಿಕೆ ಕೊಟ್ಟು ಸೌಟಿನ ಐದರಲ್ಲಿ ನಾಲ್ಕು ಪಾಲು ಕತ್ತರಿಸಿ ಸ್ಟೇಪಲ್ ಹೊಡೆಯಿರಿ.

ಅಲ್ಲಿಯತನಕ ಬಡಿಸುವ ಮಹನೀಯರಿಗೆ ಇಷ್ಟೇ: ಒಬ್ಬರು ‘ಸಾಕು’ ಅಂದರೆ ಒಬ್ಬಟ್ಟಿನ ತಟ್ಟೆಯನ್ನು ಪಕ್ಕದ ಎಲೆಗೆ ಒಯ್ಯಿರಿ. ಅಲ್ಲಿ ಕೂತವರು ಬೇಡ ಅನ್ನುವುದಿಲ್ಲ. ಒಂದು ಶುಗರ್ ಮಾತ್ರೆ ಜಾಸ್ತಿ ನುಂಗಿಕೊಂಡೇ ಬಂದಿದ್ದಾರೆ.